ಅವ್ವನ ತೊಡೆಯ ಮೇಲಿನ ಗಡಿಗೆ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಈ ವಯಸ್ಸಿನಲ್ಲೂ ಊಟದ ತಾಟಿನ ಮುಂದೆ ಕೂತವಳು ನಡುವೆಯೇ ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ. ಬಾಗಿಲಲ್ಲಿ ಏನೂ ಇರುವುದಿಲ್ಲ. ಸೊಸೆ ಬೈಯುತ್ತಾಳೆ, ಮೊಮ್ಮಕ್ಕಳು ನಗುತ್ತಾರೆ. ನಮ್ಮ ಬಳಗದ ಹಿರಿಯರು ಯಾರಾದರೂ ಉಳಿದಿದ್ದರೆ ಇದಕ್ಕೆ ಕಾರಣ ಹೇಳಿಬಿಡುತ್ತಿದ್ದರು: "ಅಕಿ ಹೊಕ್ಕಳ ನೆಲದಾಗ ಹುಗದಿಲ್ಲ, ಗಡಗ್ಯಾಗ ಹುಗದಾರ. ಒಂದ ಕಡಿ ಹ್ಯಾಂಗ ನಿಂತಾಳು?" ಚಿಕ್ಕವಳಿದ್ದಾಗಿನಿಂದ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. ಸಿಟ್ಟೂ ಬರುತ್ತಿತ್ತು. ಆದರೆ ಗಡಿಗೆಯ ಮಾತು ಸುಳ್ಳಲ್ಲ.

ನಾನು ಹುಟ್ಟಿದ್ದು ಆಳಂದದ ಒಂದು ವಾಡೆಯಲ್ಲಿ. ವಾಡೆ ದೊಡ್ಡದೇ, ನಮ್ಮ ಪಾಲಿಗೆ ಬಂದದ್ದು ಮಾತ್ರ ಒಂದು ಕೋಣೆ. ಅಂಗಳದ ಸುತ್ತ ಕೋಣೆಗಳು, ಕೋಣೆಗೊಂದು ಬಾಡಿಗೆಯ ಸಂಸಾರ. ಅಪ್ಪ ನಿಜಾಮರ ಸರಕಾರದ ಸುಂಕದ ನಾಕಾದಲ್ಲಿ ಸಿಪಾಯಿ. ಗಡಿ ದಾಟುವ ಬಂಡಿಗಳನ್ನು ನಿಲ್ಲಿಸಿ ಚೀಲಗಳನ್ನು ಕೋಲಿನಿಂದ ತಟ್ಟಿ ನೋಡುವುದು ಅವನ ಕೆಲಸ. ಗಡಿಯ ಉದ್ದಕ್ಕೂ ನಾಕಾಗಳಿದ್ದವು, ಹಾಗಾಗಿ ಊರಿಂದೂರಿಗೆ ಬದ್ಲಿ ತಪ್ಪಿದ್ದಲ್ಲ. "ಹುಕುಂ ಬಂತು" ಎಂದು ಅಪ್ಪ ರುಮಾಲು ಬಿಚ್ಚುತ್ತ ಒಳಗೆ ಬಂದರೆ ಅವ್ವ ಯಾವ ಊರಿಗೆ ಎಂದೂ ಕೇಳದೆ ಹಾಸಿಗೆ ಸುತ್ತತೊಡಗುತ್ತಿದ್ದಳು.

ನನಗಿಂತ ಮುಂಚೆ ಅವ್ವನಿಗೆ ಎರಡು ಕೂಸು ಹುಟ್ಟಿದ್ದವು, ಎರಡೂ ತವರಿನಲ್ಲಿ. ಎರಡೂ ಉಳಿಯಲಿಲ್ಲ. ನನ್ನ ಸರದಿ ಬಂದಾಗ ಅವಳು ತವರಿಗೆ ಹೋಗಲು ಒಪ್ಪಲಿಲ್ಲ. ಬಾಡಿಗೆಯ ಕೋಣೆಯಲ್ಲೇ ಹೆರುತ್ತೇನೆಂದು ಹಟ ಹಿಡಿದಳು. ನಮ್ಮಲ್ಲಿ ಕೂಸಿನ ಹೊಕ್ಕುಳ ಕುಡಿ ಒಣಗಿ ಉದುರಿದ ಮೇಲೆ ಅದನ್ನು ಮನೆಯ ನೆಲದಲ್ಲೇ ಹುಗಿಯುತ್ತಿದ್ದರು. ಬೆಕ್ಕು ನಾಯಿ ಮುಟ್ಟಬಾರದು, ಮಾಟ ಮಾಡುವವರ ಕೈಗೆ ಸಿಗಬಾರದು. ಅದನ್ನು ಹುಗಿದ ನೆಲವೇ ಕೂಸನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ಬೇರೆ. ಆದರೆ ಆ ವಾಡೆಯಲ್ಲಿ ನೆಲವೆಲ್ಲಿತ್ತು? ಕೋಣೆ, ಪಡಸಾಲೆ, ಅಂಗಳ, ಬಚ್ಚಲು, ಎಲ್ಲ ಕಡೆ ಫರಸಿ ಕಲ್ಲು. ಕಾಲಿಗೆ ಹತ್ತುವಷ್ಟು ಮಣ್ಣೂ ಇರಲಿಲ್ಲ. ಒಂದು ಕಲ್ಲು ಎಬ್ಬಿಸಿ ಮತ್ತೆ ಕೂರಿಸಿಕೊಡುತ್ತೇನೆ ಎಂದು ಅಪ್ಪ ಮನೆಯ ಮಾಲಕಿಣಿಯನ್ನು ಕೇಳಿದನಂತೆ.

"ಬಾಡಗಿ ಮಂದಿ ಹೊಕ್ಕಳ ನಮ್ಮನ್ಯಾಗ ಯಾಕ್ರಿ?" ಎಂದಳಂತೆ ಅವಳು. "ನಾಳೆ ಹುಡುಗಿ ದೊಡ್ಡಾಕಿ ಆಗಿ, ನನ್ನ ಹೊಕ್ಕಳ ಇಲ್ಲೇ ಅದ, ಈ ಮನಿ ನಂದು ಅಂದ್ರ ನಾ ಏನ್ ಮಾಡ್ಲಿ?"

ಒಂದು ಬೆರಳುದ್ದದ ಒಣ ಕುಡಿಗೆ ಇಡೀ ವಾಡೆಯ ಹಕ್ಕು! ಕೊನೆಗೆ ಉಪಾಯ ಹೇಳಿದವಳು ಸೂಲಗಿತ್ತಿ. ಅಂಗಳದ ಮೂಲೆಯಲ್ಲಿ ಕಂಠ ಒಡೆದ ಒಂದು ಗಡಿಗೆ ಬಿದ್ದಿತ್ತು. ಅದಕ್ಕೆ ಅವಳು ಹೊಲದ ಎರೆಮಣ್ಣು ತಂದು ತುಂಬಿಸಿದಳು. ಅವ್ವ ತನ್ನ ಸೆರಗಿನ ಚೂರು ಹರಿದು ನನ್ನ ಹೊಕ್ಕುಳ ಕುಡಿಯನ್ನು ಅದರಲ್ಲಿ ಕಟ್ಟಿಕೊಟ್ಟಳು. ಮಣ್ಣಿನ ನಡುವೆ ಅದನ್ನಿಟ್ಟು ಮುಚ್ಚಿದರು. ಬರೀ ಮಣ್ಣಿದ್ದರೆ ಬೆಕ್ಕು ಕೆದರದೆ ಬಿಟ್ಟೀತೆ? ಮೇಲೆ ಮುಳ್ಳಿನದೇನಾದರೂ ಇರಲಿ ಎಂದು ಸೂಲಗಿತ್ತಿ ಗೇಣುದ್ದದ ನಿಂಬೆ ಸಸಿ ನೆಟ್ಟಳು. "ಈ ಮಣ್ಣಷ್ಟು ಚೆಲ್ಲಬ್ಯಾಡ ನೋಡು ತಂಗಿ" ಎಂದು ಹೇಳಿ ಹೋದಳು. ಅವಳಿಗೆ ಅದು ಬಾಗಿಲು ದಾಟುವಾಗ ಆಡಿದ ಒಂದು ಮಾತು. ಅವ್ವ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮಕ್ಕಳಿಗೆ ಮೊದಲ ನೆನಪು ತಾಯಿಯ ಮುಖದ್ದಿರುತ್ತದೆ ಎನ್ನುತ್ತಾರೆ. ನನಗೆ ನೆನಪಿರುವುದು ಅವ್ವನ ಬೆನ್ನು. ಬಗ್ಗಿ ಗಡಿಗೆ ಸರಿಸುತ್ತಿರುವ ಬೆನ್ನು. ಎತ್ತರದ ಗೋಡೆಗಳ ನಡುವಿನ ಆ ಅಂಗಳಕ್ಕೆ ಬಿಸಿಲು ತುಂಡು ತುಂಡಾಗಿ ಬೀಳುತ್ತಿತ್ತು. ಬೆಳಿಗ್ಗೆ ಬಾವಿಯ ಕಡೆ, ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ, ಇಳಿಹೊತ್ತಿಗೆ ಮಾಲಕಿಣಿಯ ಬಾಗಿಲಲ್ಲಿ. ಅವ್ವ ರೊಟ್ಟಿ ಬಡಿಯುವುದನ್ನು ಅಷ್ಟಕ್ಕೇ ಬಿಟ್ಟು ಓಡಿಬಂದು ಗಡಿಗೆಯನ್ನು ಬಿಸಿಲಿಗೆ ಸರಿಸಿ, ಮತ್ತೆ ಓಡಿಹೋಗಿ ರೊಟ್ಟಿ ತಿರುವಿ ಹಾಕುವಳು. ಮಾಳಿಗೆಯ ಮೇಲೆ ಇಡಬಹುದಿತ್ತು. ನೀರಿಳಿದರೆ ಮಣ್ಣಿನ ಮಾಳಿಗೆ ಸೋರುತ್ತದೆಂದು ಮಾಲಕಿಣಿ ಬಿಡಲಿಲ್ಲ. ಎರೆಮಣ್ಣಿನ ಕಾಟ ಇನ್ನೊಂದು. ಒಣಗಿದರೆ ಬಿರಿದು ಗಡಿಗೆಯ ಅಂಚು ಬಿಟ್ಟು ನಿಲ್ಲುವುದು, ಹಾಕಿದ ನೀರೆಲ್ಲ ಪಕ್ಕದಿಂದ ಇಳಿದು ಕಲ್ಲಿನ ಮೇಲೆ ಹರಿಯುವುದು. ಅದಕ್ಕೇ ಅವಳು ಒಮ್ಮೆಗೇ ಹೊಯ್ಯುತ್ತಿರಲಿಲ್ಲ. ಹಿಟ್ಟಿನ ಕೈ ತೊಳೆದ ನೀರು, ಬೇಳೆ ತೊಳೆದ ನೀರು, ಬೊಗಸೆ ಬೊಗಸೆಯಾಗಿ ದಿನವಿಡೀ.

ನನ್ನನ್ನು ಅಷ್ಟು ಸಲ ಮುಟ್ಟಿದ ನೆನಪಿಲ್ಲ. ಹೆತ್ತವಳ ಕಣ್ಣೇ ಕೂಸಿಗೆ ಬೇಗ ತಾಕುತ್ತದೆ, ಎರಡು ಹೋದದ್ದೂ ಹಾಗೇ ಎಂದು ತವರಿನ ಯಾರೋ ಅವಳ ತಲೆಯಲ್ಲಿ ತುಂಬಿಬಿಟ್ಟಿದ್ದರು. ಅವಳು ನನ್ನನ್ನು ನೆಟ್ಟ ಕಣ್ಣಿನಿಂದ ನೋಡುತ್ತಿರಲಿಲ್ಲ. ಉಣ್ಣಿಸುವಳು, ಮೈಗೆ ನೀರೆರೆಯುವಳು, ತಲೆ ಬಾಚುವಳು, ಎಲ್ಲ ಅವಸರದಲ್ಲಿ, ಮುಖ ಆಚೆ ಮಾಡಿ. ಮುದ್ದು ಉಕ್ಕಿದರೆ ಎದ್ದು ಹೋಗಿ ನಿಂಬೆಯ ಎಲೆ ಸವರುತ್ತಿದ್ದಳು. ನನಗೆ ಆ ಗಿಡದ ಮೇಲೆ ಎಂಥ ಹೊಟ್ಟೆಕಿಚ್ಚು! ಅದು ನಾನೇ ಎಂದು ಎಲ್ಲರೂ ಹೇಳುತ್ತಿದ್ದರು. ನಾನೇ ಆಗಿದ್ದರೆ ನನಗೇಕೆ ಆ ಕೈ ಸಿಗುತ್ತಿಲ್ಲ ಎಂದು ನಾನು ಅಂಗಳದ ತುಂಬ ಓಡುತ್ತಿದ್ದೆ, ಬಾವಿಯ ಕಟ್ಟೆ ಹತ್ತುತ್ತಿದ್ದೆ, ಮೆಟ್ಟಿಲಿಂದ ಜಿಗಿಯುತ್ತಿದ್ದೆ. ಅಪ್ಪ ನಗುತ್ತಿದ್ದ: "ನನಗ ಇಬ್ಬರು ಹೆಣ್ಮಕ್ಕಳು. ಒಬ್ಬಾಕಿಗೆ ಕಾಲಿಲ್ಲ, ಒಬ್ಬಾಕಿಗೆ ಕಾಲು ನಿಲ್ಲಂಗಿಲ್ಲ."

ಅಫಜಲಪುರಕ್ಕೆ ಬದ್ಲಿಯಾದಾಗ ನಾನು ಮಾತು ಚೆನ್ನಾಗಿ ಕಲಿತಿದ್ದೆ. ಬಂಡಿಯಲ್ಲಿ ಹಾಸಿಗೆಯ ಸುರುಳಿ, ಹಿಟ್ಟಿನ ಡಬ್ಬಿ, ಬೀಸುವ ಕಲ್ಲು. ಅವ್ವ ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡಳು, ಅದರ ಹೊಟ್ಟೆಯ ಸುತ್ತ ಎರಡೂ ಕೈ. ನಾನು ಪಕ್ಕದಿಂದ ತೂರಿಕೊಳ್ಳಲು ನೋಡಿದೆ. ಬಂಡಿ ಜಿಗಿದಾಗ ಮುಳ್ಳು ಕೆನ್ನೆಗೆ ಗೀರಿತು. "ಆ ಕಡಿ ಕೂಡಬೇ, ಗಿಡ ಮುರದೀತು" ಎಂದಳು ಅವ್ವ. ಕೆನ್ನೆಯ ಮಾತೇ ಇಲ್ಲ. ಆಳಂದದಿಂದ ಅಫಜಲಪುರದ ತನಕ ನಾನು ಬೀಸುವ ಕಲ್ಲಿನ ಮೇಲೆ ಕೂತು ಹೋದೆ.

ಅಲ್ಲಿ ನಮಗೆ ಸಿಕ್ಕಿದ್ದು ಎಣ್ಣೆ ಗಾಣದ ಹಿಂದಿನ ಕೋಣೆ. ಅಂಗಳವೂ ಇಲ್ಲ, ಬಾಗಿಲ ಮುಂದೆ ಓಣಿ. ಗಡಿಗೆ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತಿತು, ಅದನ್ನು ಕಾಯಲು ನಾನು ಕೂತೆ. ಕೂತೆ ಎನ್ನುವುದು ಸುಳ್ಳು, ಒಂಟಿಕಾಲಲ್ಲಿ ಕುಣಿಯುತ್ತಿದ್ದೆ. ಹಾಗೆ ಕುಣಿಯುತ್ತ ಓಣಿಯ ತಿರುವಿನ ತನಕ ಹೋದಾಗ ಆಡೊಂದು ಬಂದು ಎಳೆ ಕುಡಿಗಳನ್ನೆಲ್ಲ ಮೇದುಬಿಟ್ಟಿತು. ಅವ್ವ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಓಡಿಬಂದು ನನ್ನ ನೆತ್ತಿ, ಕೈ, ಕಾಲ್ಬೆರಳು ಎಲ್ಲ ಒತ್ತಿ ನೋಡಿದಳು, ಆಡು ನನ್ನನ್ನೇ ಕಡಿದಿದೆಯೇನೋ ಎಂಬಂತೆ. ನನಗೆ ಏನೂ ಆಗಿರಲಿಲ್ಲ. ಆದರೂ ಗಿಡ ಮತ್ತೆ ಚಿಗುರುವ ತನಕ ಹೊಸ್ತಿಲು ದಾಟಲು ಬಿಡಲಿಲ್ಲ. ಗಾಣದ ಎತ್ತು ಹೊರಗೆ ಸುತ್ತುತ್ತಿತ್ತು, ನಾನು ಒಳಗೆ ಸುತ್ತುತ್ತಿದ್ದೆ.

ಮುಂದಿನ ಹುಕುಂ ಜೇವರ್ಗಿಗೆ. ನಡುವೆ ಭೀಮಾ ನದಿ ದಾಟಬೇಕು. ಈ ದಡದಲ್ಲಿ ಬಂಡಿ ಬಿಟ್ಟು, ಹರಗೋಲಿನಲ್ಲಿ ದಾಟಿ, ಆ ದಡದಲ್ಲಿ ಬೇರೆ ಬಂಡಿ ಹಿಡಿಯುವುದು. ಹರಗೋಲು ಎಂದರೆ ತೊಗಲು ಹೊದಿಸಿದ ದುಂಡು ಬುಟ್ಟಿ. ಹತ್ತುವಾಗ ಕಾಲಡಿಗೆ ಮೆತ್ತಗೆ ತೂಗುತ್ತದೆ. ನೀರು ಕೆಂಪಾಗಿತ್ತು, ಸೆಳವಿತ್ತು. ಅಪ್ಪ ಸಾಮಾನಿನ ಜತೆ ಮೊದಲೇ ದಾಟಿ ಹೋಗಿದ್ದ. ಅಂಬಿಗ ಅವ್ವನಿಗೆ ಹೇಳಿದ, "ಎವ್ವಾ, ಗಡಗಿ ಕೆಳಗಿಡ್ರಿ, ಹುಡುಗಿನ್ನ ಹಿಡ್ಕೊಳ್ರಿ. ಅಕಿ ಕಾಲು ಸುಮ್ಮ ಇಲ್ಲ." ಅವ್ವ ಗಡಿಗೆ ನೋಡಿದಳು, ನೀರು ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ, ನಾವು ಎಂದೂ ನೋಡದ ಒಬ್ಬ ಮುದುಕನಿಗೆ, "ಕಾಕಾ, ಈಕಿನ್ನ ಒಂಚೂರು ಹಿಡಕೋರಿ" ಎಂದು ನನ್ನ ಕೈ ಕೊಟ್ಟು, ತಾನು ಗಡಿಗೆಯನ್ನು ಎದೆಗೆ ಒತ್ತಿಕೊಂಡಳು.

ಆ ಮುದುಕ ಒಳ್ಳೆಯವನೇ. ಜೇಬಿನಿಂದ ಪುಟಾಣಿ ಕಡಲೆ ತೆಗೆದು ಕೊಟ್ಟ. ನಾನು ತಿನ್ನಲಿಲ್ಲ. ನದಿ ದಾಟುವಷ್ಟು ಹೊತ್ತೂ ಅವ್ವನ ತೊಡೆಯನ್ನೇ ನೋಡುತ್ತಿದ್ದೆ. ಅಲ್ಲಿ ನನಗೆ ಜಾಗ ಆಗುವುದೇ ಇಲ್ಲ ಎಂದು ಆಗ ನನಗೆ ಅನಿಸಿತು, ಆ ಅನಿಸಿಕೆ ಬಹಳ ದಿನ ಹೋಗಲಿಲ್ಲ.

ಜೇವರ್ಗಿಯಲ್ಲಿ ನಾವು ಇಳಿದದ್ದು ಒಬ್ಬ ಸಾವಕಾರ್ತಿಯ ಮನೆಯಲ್ಲಿ. ಹೊಲಮನೆ ಇದ್ದ ಹಿರಿಯ ಹೆಂಗಸು, ಹಣೆ ತುಂಬ ವಿಭೂತಿ, ಬಾಯಿ ಸ್ವಲ್ಪ ಜೋರು. ದನದ ಕೊಟ್ಟಿಗೆಯ ಪಕ್ಕದ ಕೋಣೆ ನಮ್ಮದು. ಕೋಣೆಯಲ್ಲಿ ಕಾಲು ಚಾಚಿದರೆ ಗೋಡೆ ತಗಲುತ್ತಿತ್ತು. ಅಷ್ಟು ಹೊತ್ತಿಗೆ ನಾನು ಉದ್ದವಾಗಿದ್ದೆ, ನಿಂಬೆಯೂ ನನ್ನ ಎದೆಮಟ್ಟ ಬಂದು ಅಲ್ಲಿಗೇ ನಿಂತಿತ್ತು. ಆ ಬೇಸಿಗೆಯಿಂದ ಅದರ ಎಲೆಗಳು ಹಳದಿಯಾಗತೊಡಗಿದವು. ಮೊದಲು ಬುಡದವು, ಆಮೇಲೆ ಮೇಲಿನವು. ಮುಟ್ಟಿದರೆ ಉದುರುತ್ತಿದ್ದವು.

ಅವ್ವ ನನ್ನನ್ನು ಹಾಸಿಗೆ ಹಿಡಿಸಿದಳು.

ಇದನ್ನು ಈಗ ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಗಿಡಕ್ಕೆ ಜಡ್ಡು, ಕಷಾಯ ನನಗೆ! ಬೇವಿನ ಚಕ್ಕೆಯದು, ನೆಲಬೇವಿನದು, ಇನ್ನೇನೇನೋ ಕಹಿ. ನನ್ನ ಮೈ ತಣ್ಣಗಿತ್ತು, ಹಸಿವು ಚೆನ್ನಾಗಿತ್ತು, ಕಾಲುಗಳು ಕೌದಿಯ ಒಳಗೆ ತಾವೇ ಕುಣಿಯುತ್ತಿದ್ದವು. ಹೊರಗೆ ಹುಡುಗಿಯರು ಕುಂಟಾಟ ಆಡುವ ಸದ್ದು ಕೇಳುತ್ತಿತ್ತು. "ನನಗ ಏನೂ ಆಗಿಲ್ಲಬೇ" ಎಂದರೆ, "ನಿನಗೇನ್ ತಿಳಿತದ, ಸುಮ್ಮ ಮಕ್ಕೊ" ಎನ್ನುವಳು. ಮಲಗಿ ಮಲಗಿ ನನಗೂ ಅನುಮಾನ ಬಂತು. ಒಂದು ಎಲೆ ಉದುರಿದರೆ ಎದೆ ಧಸಕ್ಕೆನ್ನುತ್ತಿತ್ತು. ಎದ್ದು ಓಡಬೇಕೆಂಬ ತವಕ, ಓಡಿದರೆ ಸತ್ತೇನೆಂಬ ಹೆದರಿಕೆ. ಮಾಳಿಗೆಯ ತೊಲೆಗಳನ್ನು ನೋಡುತ್ತ ಬಿದ್ದಿರುತ್ತಿದ್ದೆ, ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. ನನ್ನ ಬದಿಯ ಗೋಡೆಯಲ್ಲಿ ಒಂದು ಹಳ್ಳವೇ ಬಿತ್ತು.

ಅಪ್ಪನಿಗೆ ಗಿಡದ ರೋಗ ತಿಳಿದಿತ್ತು. ತಿಳಿಯದವರು ಯಾರು? ಹುಟ್ಟಿದಾಗಿನ ಅದೇ ಮಣ್ಣು. ಒಂದು ಹಿಡಿ ಗೊಬ್ಬರ ಬಿದ್ದಿಲ್ಲ, ಮಣ್ಣು ಬದಲಾಗಿಲ್ಲ. ಲಡಾಯಿಯ ಕಾಲ ಅದು, ಘಾಸಲೇಟು, ಅಂದರೆ ಸೀಮೆಎಣ್ಣೆ, ಸಿಗುವುದೇ ಕಷ್ಟ, ಅದರ ಡಬ್ಬ ಇನ್ನೂ ಕಷ್ಟ. ಆದರೂ ಅಪ್ಪ ಎಲ್ಲಿಂದಲೋ ಒಂದು ಖಾಲಿ ಡಬ್ಬ ತಂದ. "ಇದರಾಗ ಹೊಸ ಮಣ್ಣು, ಗೊಬ್ಬರ ಹಾಕಿ ಹಚ್ಚೂಣು" ಎಂದ. ಅವ್ವ ಗಡಿಗೆಯ ಮುಂದೆ ಅಡ್ಡ ನಿಂತಳು. "ಸೂಲಗಿತ್ತಿ ಮಣ್ಣು ಚೆಲ್ಲಬ್ಯಾಡಂದಾಳ. ಆ ಮಣ್ಣಾಗ ಅಕಿ ಹೊಕ್ಕಳ ಅದರಿ." ಅಪ್ಪ ಡಬ್ಬವನ್ನು ಮೂಲೆಗೆ ಎಸೆದು ನಾಕಾಕ್ಕೆ ಹೋದ.

ಸಾವಕಾರ್ತಿ ಒಂದು ದಿನ ಬಾಗಿಲಲ್ಲಿ ನಿಂತಳು. "ಏನಬೇ ತಂಗಿ, ಹುಡುಗಿಗೆ ಏನಾಗೇದ? ಹಾಸಗಿ ಬಿಟ್ಟು ಏಳವಲ್ಲಳು?"

"ನೋಡ್ರೆವ್ವಾ, ಗಿಡ ಹ್ಯಾಂಗ ಹಳದಿ ಆಗ್ಯದ."

"ನಾ ಹುಡುಗಿನ್ನ ಕೇಳಿದ್ರ ನೀ ಗಿಡ ತೋರಸ್ತಿ" ಎಂದು ಸಾವಕಾರ್ತಿ ಒಳಗೆ ಬಂದು ಕೂತಳು. ಅವ್ವ ಎಲ್ಲ ಹೇಳಿದಳು. ಸಾವಕಾರ್ತಿ ನಗಲಿಲ್ಲ. "ಹಿತ್ತಲದಾಗ ಬಚ್ಚಲ ನೀರು ಹರೀತದ. ಅಲ್ಲಿ ನೆಲಕ್ಕ ಹಚ್ಚು. ಗಡಗಿ ಸಮೇತ ಇಳಸು ಬೇಕಾದ್ರ, ಮಣ್ಣು ಚೆಲ್ಲಬ್ಯಾಡ."

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಆಳಂದದಲ್ಲಿ ಒಂದು ಕಲ್ಲು ಎಬ್ಬಿಸಲು ಬಿಡದಿದ್ದ ಲೋಕದಲ್ಲಿ ಇವಳು ಹಿತ್ತಲನ್ನೇ ಕೊಡುತ್ತಿದ್ದಳು. ಅವ್ವನ ಕಣ್ಣಲ್ಲಿ ನೀರು ಬಂತು, ಆದರೆ ಒಪ್ಪಲಿಲ್ಲ. "ಇವತ್ತ ಇಲ್ಲಿ ಇದ್ದೇವಿ, ನಾಳೆ ಹುಕುಂ ಬಂದ್ರ ಹೊಂಟೇವಿ. ನೆಲಕ್ಕ ಹಚ್ಚಿದ್ರ ಬಿಟ್ಟು ಹೋಗಬೇಕಲ್ರಿ. ಅಕಿ ಜೀವ ಇಲ್ಲಿ ಬಿಟ್ಟು ಅಕಿನ್ನ ಹ್ಯಾಂಗ ಕರಕೊಂಡು ಹೋಗ್ಲಿ?"

"ಗಡಗ್ಯಾಗ ಇಟ್ಟರ ಒಣಗತದ."

"ಅದೂ ಗೊತ್ತದರಿ" ಎಂದಳು ಅವ್ವ. ಗೊತ್ತಿತ್ತು ಎಂದು ನನಗೆ ಆಗಲೇ ತಿಳಿದದ್ದು. ಇಟ್ಟುಕೊಂಡರೆ ಸಾಯುತ್ತದೆ, ಬಿಟ್ಟರೆ ಕೈ ತಪ್ಪುತ್ತದೆ. ಅವಳು ಅದಕ್ಕೇ ಅಷ್ಟು ತಿರುಗಾಡುತ್ತಿದ್ದಳು, ಬಾಗಿಲಿಂದ ಗಡಿಗೆಗೆ, ಗಡಿಗೆಯಿಂದ ನನ್ನ ಹಾಸಿಗೆಗೆ. ಕಾಲು ನಿಲ್ಲದ ರೋಗ ನನಗೆ ಯಾರಿಂದ ಬಂತೆಂದು ಹೇಳಲು ಹೊಕ್ಕುಳ ಬೇಕಿಲ್ಲ.

ಗಡಿಗೆ ಅಷ್ಟರಲ್ಲಿ ಬಿರುಕು ಬಿಟ್ಟಿತ್ತು. ಅವ್ವ ಅದರ ಸುತ್ತ ಹಗ್ಗ ಬಿಗಿದಳು. ಬಿರುಕು ಹಗ್ಗವನ್ನೂ ದಾಟಿ ಇಳಿಯಿತು. ಒಂದು ಬೆಳಿಗ್ಗೆ ಬಿಸಿಲಿಗೆ ಸರಿಸಲು ಎತ್ತಿದಳು, ಗಡಿಗೆ ಎರಡು ಹೋಳಾಗಿ ಅವಳ ಪಾದದ ಅಕ್ಕಪಕ್ಕ ಬಿತ್ತು.

ನಾನು ಕೌದಿ ಒದ್ದು ಓಡಿದೆ. ಗಿಡ ಬಿದ್ದಿರಲಿಲ್ಲ. ಒಡೆದ ಬೋಕಿಯ ಚೂರುಗಳು ಕಳಚಿಕೊಂಡರೂ ಗಡಿಗೆಯ ಆಕಾರದಲ್ಲೇ ನಿಂತಿತ್ತು, ಒಳಗೆಲ್ಲ ಬರೀ ಬೇರು. ಮುದುಕಿಯ ಜಡೆಯಂತೆ ಬೇರು ಬೇರಿಗೆ ಸುತ್ತಿಕೊಂಡು, ಮಣ್ಣೆಂಬುದು ನಡುನಡುವೆ ಒಂದೊಂದು ಚಿಟಿಕೆ. ಕಾಪಾಡಿಕೊಂಡು ಬಂದ ಮಣ್ಣನ್ನು ಗಿಡ ಯಾವಾಗಲೋ ತಿಂದು ಮುಗಿಸಿತ್ತು. ಅವ್ವ ಕುಕ್ಕರುಗಾಲಲ್ಲಿ ಕೂತು ಬೇರುಗಳ ನಡುವೆ ಬೆರಳು ಹಾಕಿ ಹುಡುಕತೊಡಗಿದಳು. ಸೆರಗಿನ ಚೂರಾದರೂ ಇರಬೇಕಿತ್ತು, ಒಂದು ದಾರವಾದರೂ. ಬೇರು ಬಿಡಿಸಿದಳು, ಬೋಕಿಗಳನ್ನು ತಿರುವಿ ನೋಡಿದಳು, ನೆಲದ ಪುಡಿಯನ್ನು ಅಂಗೈಯಲ್ಲಿ ಜರಡಿ ಹಿಡಿದಳು. "ಎಲ್ಲಿ ಹೋತು? ಇಲ್ಲೇ ಇತ್ತಲ್ಲ! ಎಲ್ಲಿ ಹೋತಬೇ?" ಎಂದು ನನ್ನನ್ನೇ ಕೇಳಿದಳು, ನಾನು ಕದ್ದಿಟ್ಟಂತೆ.

ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷದ ಸಿಟ್ಟು, ಹರಗೋಲಿನ ಮುದುಕ, ಕಹಿ ಕಷಾಯ, ಎಲ್ಲ ಬಾಯಿಗೆ ಬಂತು. ಕಾಲು ನೆಲಕ್ಕೆ ಬಡಿದು ಕೂಗಿದೆ: "ನಾ ಇಲ್ಲೇ ನಿಂತೇನಲ್ಲ ಯವ್ವಾ! ನನ್ನ ನೋಡು! ಯಾರ್‍ನ ಹುಡುಕಾಕತ್ತಿ ನೀ?"

ಅವ್ವ ತಲೆ ಎತ್ತಿದಳು. ನೋಡಿದಳು. ಮುಖ ಆಚೆ ಮಾಡದೆ, ಕಾಲಿಂದ ನೆತ್ತಿಯ ತನಕ. ನಾನು ಉಟ್ಟ ಪರಕಾರದ ಅಂಚು ಮೊಣಕಾಲಿಗೆ ಏರಿತ್ತು, ಅದು ಯಾವಾಗ ಗಿಡ್ಡವಾಯಿತೋ ಅವಳು ಗಮನಿಸಿರಲಿಲ್ಲ. ಮಣ್ಣಿನ ಕೈಯಿಂದ ನನ್ನ ಮೊಣಕಾಲು ಮುಟ್ಟಿದಳು. "ಎಷ್ಟ ಎತ್ತರಾಗೀಬೇ ನೀ" ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎಂಥ ಅಳು ಅದು! ಸಾವಕಾರ್ತಿ ಓಡಿಬಂದಳು, ಅಕ್ಕಪಕ್ಕದವರು ಬಂದರು. ಯಾರಿಗೂ ಏನೂ ತಿಳಿಯಲಿಲ್ಲ.

ಅದೇ ದಿನ ಗಿಡ ಹಿತ್ತಲಿಗೆ ಹೋಯಿತು. ಗುಂಡಿ ತೋಡುವಾಗ ನಾನೂ ಕೈ ಹಚ್ಚಿದೆ. ಕೊಟ್ಟಿಗೆಯ ಹಳೆ ಗೊಬ್ಬರ ಹಾಕಿದೆವು, ಬೋಕಿಗಳನ್ನು ಸುತ್ತ ನೆಟ್ಟೆವು. "ಹಂಗಾರ ಈ ಮನಿ ನಂದೇನ್ರಿ?" ಎಂದು ಆಳಂದದ ಮಾಲಕಿಣಿಯನ್ನು ನೆನೆದು ನಾನು ಸಾವಕಾರ್ತಿಯನ್ನು ಕೇಳಿದೆ. "ನೆಳ್ಳು ನಿಂದು, ಮನಿ ನಂದು" ಎಂದಳು ಅವಳು. ಮಳೆ ಬಿದ್ದ ಮೇಲೆ ಗಿಡ ಚಿಗುರಿತು. ನಾನು ಊರೆಲ್ಲ ಓಡಿದೆ. ಅವ್ವ ದಿನವಿಡೀ ಹಿತ್ತಲಿಗೂ ಕೋಣೆಗೂ ಓಡಾಡಿದಳು. ಸರಿಸಲು ಗಡಿಗೆ ಇರಲಿಲ್ಲ, ಕೈಗಳಿಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ಮೊದಲ ಹೂವು ಬಿಡುವ ಹೊತ್ತಿಗೆ ಅಪ್ಪ ರುಮಾಲು ಬಿಚ್ಚುತ್ತ ಒಳಗೆ ಬಂದ. ಈ ಸಲ ಖಜೂರಿ ನಾಕಾ, ಮತ್ತೆ ಆಳಂದದ ಕಡೆಗೇ. ಅವ್ವ ಹಾಸಿಗೆ ಸುತ್ತಲಿಲ್ಲ. ಹಿತ್ತಲಿಗೆ ಹೋಗಿ ಗಿಡದ ಮುಂದೆ ನಿಂತಳು. ನಾನು ಹಿಂದೆ ನಿಂತೆ. ಇವಳು ಬರುವುದಿಲ್ಲ ಎನ್ನುತ್ತಾಳೆ, ಇಲ್ಲವೇ ಅಗೆದು ಕಿತ್ತುಕೊಳ್ಳುತ್ತಾಳೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವಳು ಸಾವಕಾರ್ತಿಗೆ, "ನೀರು ತಪ್ಪಿಸಬ್ಯಾಡ್ರೆವ್ವಾ" ಎಂದಷ್ಟೇ ಹೇಳಿದಳು. "ಬಚ್ಚಲ ನೀರು ತಾನ ಹೋಗತದ. ನೀ ನಿನ್ನ ಮಗಳ್ನ ನೋಡು" ಎಂದಳು ಸಾವಕಾರ್ತಿ.

ಅದೇ ನದಿ, ಅದೇ ಹರಗೋಲು. ಅವ್ವ ಚಕ್ಕಳಮಕ್ಕಳ ಹಾಕಿ ಕೂತಳು. ತೊಡೆ ಖಾಲಿಯಿತ್ತು. ಕೈಗಳು ಹಳೆಯ ರೂಢಿಯಂತೆ ದುಂಡಗೆ ಬಂದು ನಡುವೆ ಏನೂ ಸಿಗದೆ ಮೊಣಕಾಲಿನ ಮೇಲೆ ಬಿದ್ದವು. ಅವಳು ಹಿಂದಿನ ದಡದ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಾಬೇ ಇಲ್ಲಿ" ಎಂದಳು.

ನಾನು ದೊಡ್ಡವಳು. ಜನ ನೋಡುತ್ತಿದ್ದರು. ಹೋಗಿ ಕೂತೆ. ಕಾಲು ಎಲ್ಲೂ ಹಿಡಿಸಲಿಲ್ಲ, ಒಂದು ಕಾಲು ಹರಗೋಲಿನ ಅಂಚಿನ ಆಚೆಗೇ ಚಾಚಿತು. ಅವಳ ಮೈಯಿಂದ ಜೋಳದ ಹಿಟ್ಟಿನ, ನಿಂಬೆ ಎಲೆಯ ವಾಸನೆ ಬರುತ್ತಿತ್ತು. ಹುಟ್ಟಿದಾಗಿನಿಂದ ಬೇಕೆಂದು ಕಾಡಿದ ಜಾಗ ಅದು, ಸಿಕ್ಕ ಮೇಲೆ ನನಗೆ ಕೂರಲಾಗುತ್ತಿಲ್ಲ! ನೀರು ನೋಡಬೇಕು, ಅಂಬಿಗನ ಹುಟ್ಟು ಮುಟ್ಟಬೇಕು, ಏಳಬೇಕು. ಮೈ ಕೊಸರಿದೆ.

"ಸುಮ್ಮ ಕೂಡು" ಎಂದಳು ಅವ್ವ. ಗಡಿಗೆಯ ಹೊಟ್ಟೆಯನ್ನು ಹಿಡಿಯುತ್ತಿದ್ದ ಹಾಗೆಯೇ ಎರಡೂ ಕೈಗಳಿಂದ ನನ್ನನ್ನು ಸುತ್ತಿ ಹಿಡಿದು, ಗಲ್ಲವನ್ನು ನನ್ನ ನೆತ್ತಿಯ ಮೇಲೆ ಇಟ್ಟಳು. ಆ ದಡ ಬರುವ ತನಕ ಅವಳು ಕೈ ಬಿಡಲಿಲ್ಲ, ನಾನೂ ಏಳಲಿಲ್ಲ.